62 ಕೆಜಿ ನಾಯಿಗೆ ನವಾರದ ಮಂಚ: 14 ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಯಾವುದೋ ಕಂಪನಿಯ ನಾಯಿ ಹಾಸಿಗೆಯ ವಿಮರ್ಶೆ ಅಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಕಬ್ಬಿಣದ ಮಂಚ, ಅದಕ್ಕೆ ಪ್ಲಾಸ್ಟಿಕ್ ನವಾರ. ಎಲ್ಲ ಸೇರಿ ಖರ್ಚು 3,650 ರೂಪಾಯಿ. ಮಲಗುವವನು ಸಣ್ಣಪ್ಪ. ಗ್ರೇಟ್ ಡೇನ್, ಗಂಡು, ವಯಸ್ಸು 6, ತೂಕ 62 ಕೆಜಿ, ಭುಜದ ಹತ್ತಿರ ಎತ್ತರ 82 ಸೆಂಟಿಮೀಟರ್. ಎರಡು ತಿಂಗಳ ಮರಿಯಾಗಿ ಬಂದಾಗ ಅಮ್ಮನ ಮಡಿಲಲ್ಲಿ ಪೂರ್ತಿ ಹಿಡಿಸುತ್ತಿದ್ದ. ಅಮ್ಮ ಸಣ್ಣಪ್ಪ ಅಂತ ಕರೆದಳು, ಹೆಸರು ಹಾಗೇ ಉಳಿಯಿತು. ಈಗ ಗೇಟಿನ ಹತ್ತಿರ ನಿಂತು "ಸಣ್ಣಪ್ಪಾ" ಅಂತ ಕೂಗಿದರೆ ದಾರಿಯಲ್ಲಿ ಹೋಗುವವರು ಮೊದಲು ನಗುತ್ತಾರೆ, ಅವನು ಬಂದು ನಿಂತ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಮಂಚಕ್ಕೆ 5ರಲ್ಲಿ 4 ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ನಾಯಿಯ ರಕ್ತ ಹೀರುವ ಉಣುಗಿನ ಕಾರಣಕ್ಕೆ, ಅದನ್ನು ಮುಂದೆ ಹೇಳುತ್ತೇನೆ.

ಇದಕ್ಕೆ ಬರುವ ಮೊದಲು ಮೂರು ಹಾಸಿಗೆ ಹಾಳಾಗಿವೆ. ಕಂಪನಿಗಳ ಹೆಸರು ಬೇಡ. ಮೊದಲನೆಯದು ಆನ್‌ಲೈನ್‌ನಲ್ಲಿ ತರಿಸಿದ ದುಂಡನೆಯ ಮೆತ್ತನೆ ಹಾಸಿಗೆ, 3,200 ರೂಪಾಯಿ. ಎಕ್ಸ್‌ಎಲ್ ಅಂತ ಬರೆದಿತ್ತು, ಯಾವ ನಾಯಿಗೆ ಎಕ್ಸ್‌ಎಲ್ ಅಂತ ಬರೆದಿರಲಿಲ್ಲ. ಸಣ್ಣಪ್ಪ ಅದರ ಮೇಲೆ ಎದೆ ಇಟ್ಟರೆ ಸೊಂಟ ನೆಲದ ಮೇಲೆ, ಸೊಂಟ ಇಟ್ಟರೆ ತಲೆ ನೆಲದ ಮೇಲೆ. ಎರಡು ದಿನ ತಿರುಗಿ ತಿರುಗಿ ನೋಡಿ, ಕೊನೆಗೆ ಬರೀ ಗದ್ದ ಇಡಲು ದಿಂಬಿನ ಹಾಗೆ ಬಳಸತೊಡಗಿದ. 20 ದಿನಕ್ಕೆ ಒಳಗೆ ತುಂಬಿದ್ದೆಲ್ಲ ಗಂಟುಗಂಟಾಯಿತು. ಫೋಟೋದಲ್ಲಿ ಚೆಂದ ಕಾಣುತ್ತಿತ್ತು, ಅದಕ್ಕೇ ಕೊಂಡಿದ್ದು. ಹಾಗೆ ನೋಡಿದರೆ ಆ ಹಾಸಿಗೆ ಮಾಡಿದ್ದೇ ನನ್ನ ಕಣ್ಣಿಗೆ, ಅವನ ಮೈಗಲ್ಲ.

ಆಮೇಲೆ ಅವನು ವಾಪಸ್ ನೆಲಕ್ಕೇ ಹೋದ. ನಮ್ಮದು ಹಳೆಯ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ. ಬೇಸಿಗೆಯಲ್ಲಿ ತಣ್ಣಗಿರುತ್ತೆ, ನಾಯಿಗೆ ಬಲು ಇಷ್ಟ. ಆದರೆ ಇಷ್ಟು ಭಾರದ ನಾಯಿ ನಮ್ಮ ಹಾಗೆ ಮೆಲ್ಲಗೆ ಮಲಗುವುದಿಲ್ಲ. ಮುಂಗಾಲು ಮಡಚಿ ಧೊಪ್ಪಂತ ಬೀಳುತ್ತೆ, ಆ ಪೆಟ್ಟೆಲ್ಲ ಮೊಣಕೈಗೆ. ಮನೆಯಲ್ಲಿ ದೊಡ್ಡ ನಾಯಿ ಇದ್ದರೆ ಈಗಲೇ ಎದ್ದು ಹೋಗಿ ಅದರ ಮೊಣಕೈ ನೋಡಿ. ಕೂದಲು ಹೋಗಿ ಚರ್ಮ ದಪ್ಪಗೆ, ಬೂದಿ ಬಣ್ಣಕ್ಕೆ, ಒರಟಾಗಿ ಇದ್ದರೆ ಮಲಗುವ ಜಾಗ ಗಟ್ಟಿಯಾಗಿದೆ ಅಂತ ಅರ್ಥ. ನಾವು ಅದನ್ನು ನೋಡಿಯೂ ಸುಮ್ಮನಿದ್ದೆವು. ದೊಡ್ಡ ನಾಯಿಗಳಿಗೆ ಇದೆಲ್ಲ ಇರುತ್ತೆ ಅಂದುಕೊಂಡೆವು. ಒಂದು ದಿನ ಎಡ ಮೊಣಕೈ ಮೇಲೆ ನಿಂಬೆಹಣ್ಣಿನ ಗಾತ್ರದ ಊತ ಬಂತು. ಮುಟ್ಟಿದರೆ ನೋವಿಲ್ಲ, ಒತ್ತಿದರೆ ನೀರು ತುಂಬಿದ ಬಲೂನಿನ ಹಾಗೆ. ಡಾಕ್ಟರು ಹೈಗ್ರೋಮಾ ಅಂದರು. ಸೂಜಿ ಹಾಕಿ ನೀರು ತೆಗೆದುಬಿಡಿ ಸರ್ ಅಂದೆ. ತೆಗೆದರೆ ಮತ್ತೆ ತುಂಬುತ್ತಮ್ಮ, ಸೂಜಿಯ ಜೊತೆ ಸೋಂಕು ಒಳಗೆ ಹೋದರೆ ಆಗ ನಿಜವಾದ ತೊಂದರೆ ಶುರು, ಮೊದಲು ಅವನು ಮಲಗುವ ಜಾಗ ಸರಿ ಮಾಡಿ ಅಂದರು. ಒಂದು ಮಾತ್ರೆಯನ್ನೂ ಬರೆಯಲಿಲ್ಲ.

ಮಾತ್ರೆ ಬರೆಯದ ಡಾಕ್ಟರ ಮಾತು ಕೇಳಿ ಹೆದರಿಕೆ ಜಾಸ್ತಿಯಾಯಿತು. ಅದೇ ರಾತ್ರಿ 7,800 ರೂಪಾಯಿಯ ಮೆಮೊರಿ ಫೋಮ್ ಹಾಸಿಗೆ ತರಿಸಿದೆ. ಹೆಸರಿನಲ್ಲಿ ಆರ್ಥೋಪೆಡಿಕ್ ಅಂತ ಇತ್ತು. ಇದು ಕೆಟ್ಟ ಹಾಸಿಗೆ ಅಲ್ಲ, ಮೊದಲ ಎರಡು ತಿಂಗಳು ಅವನು ಆರಾಮಾಗಿಯೇ ಮಲಗಿದ. ಆಮೇಲೆ ಸೊಂಟ ಇಡುವ ಕಡೆ ಹಳ್ಳ ಬಿತ್ತು. ಕೈಯಿಂದ ಒತ್ತಿದರೆ ನೆಲ ಸಿಗುತ್ತಿತ್ತು. ನಾವು ಮಲಗುವ ಫೋಮ್ ಹಾಸಿಗೆ ಕೊಳ್ಳುವಾಗ 32 ಡೆನ್ಸಿಟಿ, 40 ಡೆನ್ಸಿಟಿ ಅಂತ, ಅಂದರೆ ಫೋಮ್ ಎಷ್ಟು ಒತ್ತಾಗಿದೆ ಅಂತ, ಅಂಗಡಿಯವರು ಹೇಳುತ್ತಾರೆ ಅಲ್ವಾ, ನಾಯಿ ಹಾಸಿಗೆಯ ಚೀಟಿಯಲ್ಲಿ ಅದೇ ಇರಲಿಲ್ಲ. ನನ್ನಷ್ಟೇ ತೂಕದ ಪ್ರಾಣಿಗೆ ಹಾಸಿಗೆ ಕೊಳ್ಳುವಾಗ ಅದನ್ನು ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಆ ಹಾಸಿಗೆಯನ್ನು ಮುಗಿಸಿದ್ದು ಮಾತ್ರ ಮಳೆಗಾಲ. ಜುಲೈಯಲ್ಲಿ ಸಣ್ಣಪ್ಪನಿಗೆ ಉಣುಗಿನ ಜ್ವರ ಬಂತು. ಎರಡು ದಿನ ಊಟ ಬಿಟ್ಟ, ಮೂರನೇ ದಿನ ಮೂಗಿನಿಂದ ರಕ್ತ. ಪ್ಲೇಟ್‌ಲೆಟ್ ಕೆಳಗಿಳಿದಿತ್ತು. 28 ದಿನ ಮಾತ್ರೆ. ಮೊದಲ ವಾರ ಅವನಿಗೆ ಎದ್ದು ಹೊರಗೆ ಹೋಗಲೂ ಶಕ್ತಿ ಇರಲಿಲ್ಲ, ಮಲಗಿದಲ್ಲೇ ಉಚ್ಚೆ. ಚಿಕ್ಕ ನಾಯಿಯ ಉಚ್ಚೆಯನ್ನು ಬಟ್ಟೆಯಲ್ಲಿ ಒರೆಸಬಹುದು, ಇವನದು ಲೋಟದ ಲೆಕ್ಕ ಅಲ್ಲ, ಚೆಂಬಿನ ಲೆಕ್ಕ. ಹೊದಿಕೆ ಬಿಚ್ಚಿ ಒಗೆಯಬಹುದು, ಆದರೆ ಒಳಗಿನ ಫೋಮ್ ಎಲ್ಲ ಹೀರಿಕೊಂಡಿತ್ತು. ಮಲೆನಾಡಿನ ಜುಲೈಯಲ್ಲಿ ಕರ್ಚೀಫ್ ಒಣಗುವುದಿಲ್ಲ, ಆರು ಇಂಚಿನ ಫೋಮ್ ಎಲ್ಲಿಂದ ಒಣಗಬೇಕು? ಒಂದು ವಾರ ಮನೆಯೆಲ್ಲ ಅದೇ ವಾಸನೆ. ಕೊನೆಗೆ ಹೊರಗೆ ಹಾಕಿದೆವು.

ಮೂರನೆಯದು ನಾಯಿಗೆಂದೇ ಮಾಡಿದ, ಪ್ಲಾಸ್ಟಿಕ್ ಪೈಪಿನ ಎತ್ತರದ ಮಂಚ. ಯೋಚನೆ ಸರಿಯಾದದ್ದೇ. ಕೆಳಗೆ ಗಾಳಿ ಆಡುತ್ತೆ, ಒದ್ದೆ ನಿಲ್ಲುವುದಿಲ್ಲ. 70 ಕೆಜಿ ತಡೆಯುತ್ತೆ ಅಂತ ಬರೆದಿದ್ದರು. ಸುಮ್ಮನೆ ಮಲಗಿದ 70 ಕೆಜಿಯನ್ನು ತಡೆಯುತ್ತಿತ್ತೇನೋ. ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿ ಮಲಗಿದಲ್ಲಿಂದಲೇ ನೆಗೆಯುವ 62 ಕೆಜಿ ಬೇರೆಯೇ ವಿಷಯ. ಹನ್ನೊಂದನೇ ದಿನ ಮೂಲೆಯ ಜಾಯಿಂಟ್ ಸೀಳಿತು.

ಆ ಮುರಿದ ಪೈಪು ನೋಡಿ ಅಪ್ಪ "ಇನ್ನೇನು, ಅವನಿಗೊಂದು ಮಂಚ ಮಾಡಿಸಿಬಿಡು" ಅಂದರು. ವ್ಯಂಗ್ಯ ಅದು. ನಾಯಿ ತರುವುದೇ ಬೇಡ ಅಂದಿದ್ದವರು ಅವರು. ನನಗೆ ಮಾತ್ರ ಅಜ್ಜಿ ಮನೆಯ ಅಂಗಳ ನೆನಪಾಯಿತು. ಬೇಸಿಗೆ ರಜೆಯಲ್ಲಿ ನಾವು ಏಳೆಂಟು ಮಕ್ಕಳು ನವಾರದ ಮಂಚದ ಮೇಲೆ ಕುಣಿದರೂ ಅದು ಕಿರ್ ಅನ್ನುತ್ತಿತ್ತೇ ಹೊರತು ಮುರಿಯುತ್ತಿರಲಿಲ್ಲ.

ಮರುದಿನವೇ ವೆಲ್ಡಿಂಗ್ ಅಂಗಡಿಗೆ ಹೋದೆ. 6 ಅಡಿಗೆ ಮೂರೂವರೆ ಅಡಿ, ಕಾಲು 8 ಇಂಚು ಅಂದೆ. ಅಂಗಡಿಯ ಅಣ್ಣ ಬರೆದುಕೊಳ್ಳುವುದನ್ನು ನಿಲ್ಲಿಸಿದರು.

"8 ಇಂಚಾ? 18 ಇರಬೇಕು ಅಕ್ಕಾ. ಮಕ್ಕಳಿಗಾ?"

"ನಾಯಿಗೆ."

ಸ್ವಲ್ಪ ಹೊತ್ತು ನನ್ನ ಮುಖ ನೋಡಿ "ನಾಯಿಗೆ ಆರಡಿನಾ" ಅಂದರು. ಫೋಟೋ ತೋರಿಸಿದೆ. ಆಮೇಲೆ ಅವರೇ "ಹಂಗಾದ್ರೆ ಸಣ್ಣ ಪೈಪ್ ಆಗಲ್ಲ, ಒಂದೂವರೆ ಇಂಚಿನ ಚೌಕ ಪೈಪ್ ಹಾಕೋಣ" ಅಂತ ಶುರು ಮಾಡಿದರು. ನಾಯಿ ಸಾಮಾನಿನ ಯಾವ ಅಂಗಡಿಯಲ್ಲೂ ಯಾರೂ ನನ್ನ ಹತ್ತಿರ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ನೆಗೆಯುತ್ತಾ, ಮೆಲ್ಲಗೆ ಹತ್ತುತ್ತಾ? ಕಚ್ಚುತ್ತಾ? ಒಂದೇ ಕಡೆ ಮಲಗುತ್ತಾ, ಹೊರಳಾಡುತ್ತಾ?

ಮಾಡಿಸುವವರಿಗೆ ಕೆಲವು ಮಾತು. ಅಳತೆಯನ್ನು ನಾಯಿ ನಿಂತಾಗ ತೆಗೆಯಬೇಡಿ, ಮಧ್ಯಾಹ್ನ ಸೆಕೆಗೆ ನಾಲ್ಕು ಕಾಲೂ ಚಾಚಿ ಬಿದ್ದಿರುತ್ತಲ್ಲ, ಆಗ ಟೇಪ್ ಹಿಡಿಯಿರಿ. ಕಾಲು 8 ಇಂಚಿಗಿಂತ ಜಾಸ್ತಿ ಬೇಡ, ಹತ್ತಿ ಇಳಿಯುವ ಪೆಟ್ಟು ಕೀಲಿಗೆ ಬೀಳುತ್ತೆ. ಮಧ್ಯದಲ್ಲಿ ಒಂದು ಅಡ್ಡ ಸರಳು ಹಾಕುತ್ತಾರೆ, ಅದು ನೇರ ಇದ್ದರೆ ನವಾರ ಜಗ್ಗಿದಾಗ ಸೊಂಟದ ಮೂಳೆ ಅದಕ್ಕೇ ತಾಗುತ್ತೆ. ನಮ್ಮದು ಮೊದಲು ಹಾಗೇ ಆಗಿತ್ತು, ವಾಪಸ್ ಒಯ್ದು ಆ ಸರಳನ್ನು 3 ಇಂಚು ಕೆಳಗೆ ಬಗ್ಗಿಸಿಕೊಂಡು ಬಂದೆ. ವೆಲ್ಡ್ ಮಾಡಿದ ಜಾಗವನ್ನೆಲ್ಲ ಉಜ್ಜಿ ನುಣುಪು ಮಾಡಿಸಿ. ರೆಡ್ ಆಕ್ಸೈಡ್ ಪ್ರೈಮರ್ ಹೊಡೆಸಿ, ಮೇಲೆ ಪೇಂಟ್, ಕಾಲಿಗೆ ರಬ್ಬರ್ ಬುಶ್. ಬುಶ್ ಇಲ್ಲದಿದ್ದರೆ ರಾತ್ರಿ ಅವನು ಮೈ ಕೆರೆದುಕೊಂಡಾಗೆಲ್ಲ ಮನೆಯವರೆಲ್ಲ ಏಳಬೇಕಾಗುತ್ತೆ.

ನವಾರದಲ್ಲಿ ಹತ್ತಿಯದು ಮೈಗೆ ಹಿತ, ಒಪ್ಪುತ್ತೇನೆ. ಆದರೆ ಅದು ಒದ್ದೆ ಹೀರುತ್ತೆ, ಬೇಗ ಜಗ್ಗುತ್ತೆ. ಪ್ಲಾಸ್ಟಿಕ್ಕೇ ಸರಿ. ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಕೊಟ್ಟರು, ನೀಲಿ ಬಿಳಿ ಪಟ್ಟೆ. ಹೆಣೆದದ್ದು ಯಾರು ಗೊತ್ತಾ? ಅಪ್ಪ. ನಾನು ಯೂಟ್ಯೂಬ್ ನೋಡಿಕೊಂಡು ಹೆಣೆಯುತ್ತಿದ್ದೆ, ಅರ್ಧ ಗಂಟೆ ಪೇಪರ್ ಓದುವ ಹಾಗೆ ಮಾಡುತ್ತ ನೋಡಿದರು, ಆಮೇಲೆ "ಏಳು, ಇಷ್ಟು ಸಡಿಲ ಹೆಣೆದರೆ ತೊಟ್ಟಿಲು ಆಗುತ್ತೆ" ಅಂತ ಎಬ್ಬಿಸಿ ತಾವೇ ಕೂತರು. ಉದ್ದಕ್ಕೆ ಮೊದಲು ಎಳೆದು, ಅಡ್ಡ ಪಟ್ಟಿಯನ್ನು ಒಂದರ ಮೇಲೆ ಒಂದರ ಕೆಳಗೆ ತೂರಿಸಿ, ಪ್ರತಿ ಸಾಲಿಗೂ ಕಾಲಿನಿಂದ ಪೈಪ್ ಒತ್ತಿ ಹಿಡಿದು ಎಳೆದರು. ಎರಡೂವರೆ ಗಂಟೆ. 74 ವಯಸ್ಸು ಅವರಿಗೆ.

ಸಣ್ಣಪ್ಪ ಮೂರು ದಿನ ಅದರ ಹತ್ತಿರವೂ ಬರಲಿಲ್ಲ. ಈ ಜಾತಿಯ ಬಗ್ಗೆ ಜನರಿಗೆ ಗೊತ್ತಿಲ್ಲದ ಸಂಗತಿ ಇದು, ಮೈ ಎಷ್ಟು ದೊಡ್ಡದೋ ಪುಕ್ಕಲುತನವೂ ಅಷ್ಟೇ ದೊಡ್ಡದು. ಹೆಸರಿನಲ್ಲಿ ಡೆನ್ಮಾರ್ಕ್ ಇದ್ದರೂ ತಳಿ ಬೆಳೆದದ್ದು ಜರ್ಮನಿಯಲ್ಲಿ, ಕಾಡುಹಂದಿ ಬೇಟೆಗೆ ಬಳಸುತ್ತಿದ್ದ ನಾಯಿಗಳ ವಂಶ. ನಮ್ಮ ಬೇಟೆಗಾರ ಮಂಚದ ಕಿರ್ ಶಬ್ದಕ್ಕೆ ಹೆದರಿ ಅಡುಗೆಮನೆಯಲ್ಲಿ ಅಮ್ಮನ ಹಿಂದೆ ನಿಂತಿದ್ದ. ಬಲವಂತ ಮಾಡಲಿಲ್ಲ. ಮಂಚದ ಮೇಲೆ ಅವನ ಹಳೆ ಕಂಬಳಿ ಹಾಸಿ, ನಾನೇ ಅಲ್ಲಿ ಕೂತು ಕಡಲೆಕಾಯಿ ಬಿಡಿಸಿದೆ. ನಾಲ್ಕನೇ ದಿನ ಎರಡು ಕಾಲು ಇಟ್ಟ. ಐದನೇ ದಿನ ಬೆಳಗ್ಗೆ ಎದ್ದು ನೋಡಿದರೆ ಪೂರ್ತಿ ಚಾಚಿಕೊಂಡು, ಬಾಯಿ ತೆರೆದು, ಗೊರಕೆ.

ಅವತ್ತಿನಿಂದ ಇವತ್ತಿನವರೆಗೆ ಬೇರೆ ಕಡೆ ಮಲಗಿದ್ದು ಕಡಿಮೆ. ಮೊಣಕೈ ಊತ ನಾಲ್ಕೈದು ತಿಂಗಳಲ್ಲಿ ಇಳಿಯಿತು. ದಪ್ಪ ಚರ್ಮ ಹಾಗೇ ಇದೆ, ಅದು ಹೋಗಲ್ಲ ಅಂತ ಕಾಣುತ್ತೆ. ಆದರೆ ಒಂದು ತಪ್ಪು ಮಾಡಿದ್ದೆವು, ಅವನು ಮಂಚದ ಅಂಚಿನ ಪೈಪಿನ ಮೇಲೆಯೇ ಮೊಣಕೈ ಊರಿ ರಸ್ತೆ ನೋಡುತ್ತಿದ್ದ. ಒಂದು ವಾರ ಆದ ಮೇಲೆ ಗಮನಕ್ಕೆ ಬಂತು. ಹಳೆ ಸೀರೆಯ ಕೌದಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಅಂಚಿಗೆ ಸುತ್ತಿ ಹೊಲಿದೆ. ಕೊಂಡ ತಕ್ಷಣ ಮಾಡಬೇಕಾದ ಕೆಲಸ ಇದು.

ಮಳೆಗಾಲದಲ್ಲಿ ಮಂಚಕ್ಕೆ ಪೂರ್ತಿ ಅಂಕ. ಕಂಬಳಿ ತೆಗೆದು, ಒಂದು ಬಕೆಟ್ ನೀರು ಸುರಿದು, ಸೋಪು ಹಾಕಿ ಬ್ರಶ್‌ನಲ್ಲಿ ಉಜ್ಜಿ, ಗೋಡೆಗೆ ಒರಗಿಸಿ ನಿಲ್ಲಿಸಿದರೆ ಫ್ಯಾನ್ ಗಾಳಿಗೆ ಎರಡು ಗಂಟೆಯಲ್ಲಿ ಒಣಗುತ್ತೆ. ಈ ನಾಯಿಗಳ ಜೊಲ್ಲಿನ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ, ನೀರು ಕುಡಿದು ತಲೆ ಒದರಿದರೆ ನಮ್ಮನೆ ಕ್ಯಾಲೆಂಡರ್‌ವರೆಗೂ ಹಾರುತ್ತೆ. ಅದು ಬಟ್ಟೆಯ ಹಾಸಿಗೆಗೆ ಬಿದ್ದರೆ ಒಣಗಿ ಬಿರುಸಾಗಿ ನಾತ ಬರುತ್ತೆ. ನವಾರಕ್ಕೆ ಒಂದು ಒದ್ದೆ ಬಟ್ಟೆ ಸಾಕು.

ಈಗ ಉಣುಗು. ಕೆಲವು ಕಡೆ ಉಣ್ಣೆ ಅಂತಾರೆ. ನವಾರ ಒಂದರ ಮೇಲೆ ಒಂದು ದಾಟುವ ಕಡೆ ಸಂದಿ ಇರುತ್ತೆ, ಪೈಪಿಗೆ ಸುತ್ತಿದ ಕಡೆ ಇನ್ನೂ ಜಾಸ್ತಿ. ಹಿಂದೆ ತಿಗಣೆ ಅಡಗುತ್ತಿದ್ದದ್ದೂ ಅಲ್ಲೇ, ಅಜ್ಜಿ ಮಂಚಕ್ಕೆಲ್ಲ ಕುದಿಯುವ ನೀರು ಹೊಯ್ಯುತ್ತಿದ್ದಳು. ನಾಯಿಯ ಮೈಮೇಲೆ ರಕ್ತ ಕುಡಿದ ಹೆಣ್ಣು ಉಣುಗು ಕೆಳಗೆ ಬಿದ್ದು ಇಂಥ ಸಂದಿಯಲ್ಲೇ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಹೋದ ಮಾರ್ಚಿಯಲ್ಲಿ ಪೈಪಿನ ಹತ್ತಿರ ನವಾರ ಸರಿಸಿ ನೋಡಿದೆ, ಸಾಸಿವೆಗಿಂತ ಚಿಕ್ಕ ಮರಿಗಳು ಸಾಲಾಗಿ ಹರಿಯುತ್ತಿದ್ದವು. ಮೈ ಜುಂ ಅಂತು. ಅವತ್ತೇ ನವಾರ ಪೂರ್ತಿ ಬಿಚ್ಚಿ, ಬಿಸಿ ನೀರಲ್ಲಿ ನೆನೆಸಿ, ಪೈಪಿಗೆಲ್ಲ ಕುದಿಯುವ ನೀರು ಹೊಯ್ದು, ಮೂರು ದಿನ ಬಿಸಿಲಿಗೆ ಹಾಕಿದೆವು. ಅಪ್ಪ ಮತ್ತೆ ಹೆಣೆದರು. ಈಗ ಮೂರು ತಿಂಗಳಿಗೊಮ್ಮೆ ಇದೇ ಕೆಲಸ, ಅರ್ಧ ಭಾನುವಾರ ಹೋಗುತ್ತೆ. ಜೊತೆಗೆ ಅವನಿಗೆ ಉಣುಗಿನ ಮಾತ್ರೆ ತಪ್ಪಿಸುವುದಿಲ್ಲ. ಆ ಪೊಟ್ಟಣದ ಮೇಲಿರುವ ಅತಿ ದೊಡ್ಡ ತೂಕದ ಸಾಲನ್ನೂ ಇವನು ದಾಟಿರುವುದರಿಂದ ಡಾಕ್ಟರು ಎರಡು ಅಳತೆ ಸೇರಿಸಿ ಕೊಡುತ್ತಾರೆ, ದುಡ್ಡೂ ಹಾಗೇ. ದೊಡ್ಡ ನಾಯಿಯ ಎಲ್ಲವೂ ಕೆಜಿ ಲೆಕ್ಕ. ಜಂತುಹುಳದ ಮಾತ್ರೆ 10 ಕೆಜಿಗೆ ಒಂದು, ಇವನಿಗೆ ಆರು. ಮರಿ ತರುವಾಗ ಕೊಟ್ಟ ದುಡ್ಡನ್ನೇ ಖರ್ಚು ಅಂದುಕೊಂಡಿದ್ದೆ ನಾನು.

ಉಣುಗಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಹೆದರಿಕೆ ಸ್ವಲ್ಪ ಜಾಸ್ತಿಯೇ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಇಲ್ಲೇ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು, ಮನೆ ನಾಯಿಯ ಮೇಲೆ ಸಾಮಾನ್ಯವಾಗಿ ಕಾಣುವುದು ಬೇರೆ. ಆದರೂ ಡಿಸೆಂಬರ್‌ನಿಂದ ಮಳೆ ಬೀಳುವವರೆಗೆ ಅವನನ್ನು ಕಾಡಿನ ಅಂಚಿಗೂ ಕರೆದುಕೊಂಡು ಹೋಗುವುದಿಲ್ಲ.

ಇನ್ನು ಈ ಮಂಚದ ಬಗ್ಗೆ ನಾನು ಯಾಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ ಅನ್ನುವುದಕ್ಕೆ ಕಾರಣವಾದ ರಾತ್ರಿ. ಕಳೆದ ನವೆಂಬರ್. ಇಡ್ಲಿ ಹಿಟ್ಟು ರುಬ್ಬಿ ದೊಡ್ಡ ಪಾತ್ರೆಯಲ್ಲಿ ಅಡುಗೆ ಕಟ್ಟೆಯ ಮೇಲೆ ಇಟ್ಟಿದ್ದೆ. ತಪ್ಪು ನನ್ನದೇ, ಅಡುಗೆ ಕಟ್ಟೆ ಅವನ ಗದ್ದದ ಮಟ್ಟಕ್ಕಿದೆ, ನೆಗೆಯುವುದೂ ಬೇಕಿಲ್ಲ. ರಾತ್ರಿ 11ಕ್ಕೆ ನೋಡಿದರೆ ಪಾತ್ರೆ ಅರ್ಧ ಖಾಲಿ, ಮೂತಿಯೆಲ್ಲ ಬಿಳಿ. ನಕ್ಕು ಫೋಟೋ ತೆಗೆದೆ. 12ರ ಹೊತ್ತಿಗೆ ನಗು ನಿಂತಿತು. ಹೊಟ್ಟೆ ಉಬ್ಬಿತ್ತು, ಬೆರಳಿಂದ ತಟ್ಟಿದರೆ ಡಮರುವಿನ ಶಬ್ದ. ಕೂರುತ್ತಾನೆ, ಏಳುತ್ತಾನೆ, ವಾಂತಿ ಬಂದ ಹಾಗೆ ಮಾಡುತ್ತಾನೆ, ಏನೂ ಬರುವುದಿಲ್ಲ, ಬರೀ ಜೊಲ್ಲು. ಆಳದ ಎದೆಗೂಡಿನ ದೊಡ್ಡ ನಾಯಿ ಸಾಕುವವರಿಗೆ ಈ ಲಕ್ಷಣ ಗೊತ್ತಿರಲೇಬೇಕು. ಹೊಟ್ಟೆಯಲ್ಲಿ ಗಾಳಿ ತುಂಬಿ ಜಠರವೇ ತಿರುಚಿಕೊಂಡುಬಿಡುತ್ತೆ, ರಕ್ತದ ಓಡಾಟ ನಿಲ್ಲುತ್ತೆ, ಗಂಟೆಗಳಲ್ಲಿ ನಾಯಿ ಸಾಯುತ್ತೆ. ಗ್ರೇಟ್ ಡೇನ್‌ಗೆ ಈ ಅಪಾಯ ಬೇರೆ ತಳಿಗಳಿಗಿಂತ ಜಾಸ್ತಿ. ಬೆಳಗಾಗಲಿ ನೋಡೋಣ ಅನ್ನುವ ಕಾಯಿಲೆ ಅಲ್ಲ.

ಡಾಕ್ಟರು ಫೋನ್ ಎತ್ತಿದರು, ಬೇಗ ತನ್ನಿ ಅಂದರು. ಹೇಗೆ ತರುವುದು? ಅಷ್ಟು ಹೊತ್ತಿಗೆ ಅವನು ಮಂಚದ ಮೇಲೆ ಬಿದ್ದುಕೊಂಡಿದ್ದ, ಏಳಲಿಲ್ಲ. 62 ಕೆಜಿ ನಾಯಿಯನ್ನು ಒಬ್ಬರು ಎತ್ತಲು ಆಗುವುದಿಲ್ಲ, ಇಬ್ಬರು ಎತ್ತಿದರೆ ಹೊಟ್ಟೆ ಅಮುಕುತ್ತೆ. ಕಾರಿನ ಹಿಂದಿನ ಸೀಟಿಗೆ ಅವನು ತಾನಾಗಿ ಹತ್ತಿದರೆ ಸರಿ, ತುಂಬಿಸಲು ಆಗುವುದಿಲ್ಲ. ಪಕ್ಕದ ಮನೆಯವರ ಹತ್ತಿರ ಟಾಟಾ ಏಸ್ ಇದೆ. ಇವನು ಬೊಗಳುತ್ತಾನೆ ಅಂತ ಎರಡು ಸಲ ಗೇಟಿಗೆ ಬಂದು ಜಗಳ ಆಡಿದ್ದವರು. ಬಾಗಿಲು ಬಡಿದೆ. ಲುಂಗಿಯಲ್ಲೇ ಬಂದರು, ಮಗನನ್ನೂ ಎಬ್ಬಿಸಿದರು. ನಾಲ್ಕು ಜನ ನಾಲ್ಕು ಕಾಲು ಹಿಡಿದು ಮಂಚವನ್ನೇ ಎತ್ತಿದೆವು. ರಸ್ತೆ ಇಲ್ಲದ ಹಳ್ಳಿಗಳಿಂದ ಕಂಬಳಿ ಜೋಲಿಯಲ್ಲಿ ಜನರನ್ನು ಹೊತ್ತು ತರುವುದನ್ನು ನೋಡಿದ್ದೇನೆ, ಹಾಗೇ. 6 ಅಡಿ ಮಂಚ ಏಸ್‌ನಲ್ಲಿ ಸರಿಯಾಗಿ ಕೂತಿತು. ಅಪ್ಪ ಹಿಂದೆ ಅವನ ತಲೆ ಹಿಡಿದು ಕೂತರು. ಶಾಲು ಹೊದ್ದುಕೊಳ್ಳಲು ಮರೆತಿದ್ದರು.

ಎಕ್ಸ್‌ರೇ ತೆಗೆದರು. ತಿರುಚಿರಲಿಲ್ಲ. ಹಿಟ್ಟು ಒಳಗೇ ಹುಳಿ ಬಂದು ಗಾಳಿ ತುಂಬಿತ್ತು. ಬಾಯಿಂದ ಟ್ಯೂಬ್ ಇಳಿಸಿ ಗಾಳಿ ತೆಗೆದಾಗ ಆ ಕೋಣೆಯಲ್ಲಿ ಬಂದ ವಾಸನೆಗೆ ಡಾಕ್ಟರೇ ಹಿಂದೆ ಸರಿದರು. ನನಗಂತೂ ಅದಕ್ಕಿಂತ ಒಳ್ಳೆ ವಾಸನೆ ಬೇಡವಾಗಿತ್ತು. ಅವತ್ತಿನಿಂದ ಹಿಟ್ಟು ಫ್ರಿಜ್ ಮೇಲೆ, ಊಟ ದಿನಕ್ಕೆ ಒಂದೇ ಸಲ ಅಲ್ಲ, ಮೂರು ಸಲ. ಅಂದಹಾಗೆ ದೊಡ್ಡ ನಾಯಿಗೆ ಅಂತ ತಟ್ಟೆ ಇಡುವ ಎತ್ತರದ ಸ್ಟ್ಯಾಂಡ್ ಮಾರುತ್ತಾರಲ್ಲ, ನಾನೂ ಒಂದು ತಂದಿದ್ದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರದ ತಟ್ಟೆಯಲ್ಲಿ ತಿನ್ನುವ ದೊಡ್ಡ ನಾಯಿಗಳಲ್ಲಿ ಈ ಕಾಯಿಲೆ ಹೆಚ್ಚು ಕಂಡಿತ್ತು. ಆ ಸ್ಟ್ಯಾಂಡ್ ಈಗ ತುಳಸಿ ಕುಂಡಕ್ಕೆ. ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ತಿರುಚದಂತೆ ಮಾಡುವ ಆಪರೇಷನ್ ಒಂದಿದೆ, ಸಂತಾನಹರಣ ಮಾಡಿಸುವಾಗಲೇ ಅದನ್ನೂ ಮಾಡಿಸಬಹುದಿತ್ತು. ಆಗ ನನಗೆ ಗೊತ್ತಿರಲಿಲ್ಲ. ಮರಿ ತಂದವರು ಈಗಲೇ ಡಾಕ್ಟರನ್ನು ಕೇಳಿ.

ಪಕ್ಕದ ಮನೆಯವರು ಈಗಲೂ ಬೊಗಳಿದರೆ ಬೈಯುತ್ತಾರೆ. ಆದರೆ ಹೆಸರು ಹಿಡಿದು ಬೈಯುತ್ತಾರೆ.

ಮಂಚ ಇರುವುದು ಗ್ರಿಲ್ ಹಾಕಿದ ಜಗಲಿಯಲ್ಲಿ. ಊರಂಚಿನ ಮನೆ, ಚಿರತೆ ನಾಯಿ ಹೊತ್ತೊಯ್ದ ಸುದ್ದಿ ನಮ್ಮ ಕಡೆ ಹೊಸದಲ್ಲ, ಅದಕ್ಕೆ ಗ್ರಿಲ್. ರಸ್ತೆಯಿಂದ ಅವನು ಪೂರ್ತಿ ಕಾಣುತ್ತಾನೆ, ರಾಜನ ಹಾಗೆ. ಇದರಿಂದ ಮಾತೂ ಬರುತ್ತೆ. 2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ಸುತ್ತೋಲೆ ಹೊರಡಿಸಿದಾಗ ಯಾರ್ಯಾರೋ ನಿಂತು "ನಿಮ್ಮ ನಾಯಿ ಬ್ಯಾನ್ ಅಂತೆ" ಅಂದರು. ಆ ಪಟ್ಟಿಯಲ್ಲಿ ಗ್ರೇಟ್ ಡೇನ್ ಇರಲಿಲ್ಲ, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಸುತ್ತೋಲೆಯನ್ನೇ ರದ್ದು ಮಾಡಿತು. ಆದರೆ ಜನ ಹೆದರುವುದರಲ್ಲಿ ತಪ್ಪೇನೂ ಇಲ್ಲ. ಇವನು ಪ್ರೀತಿಯಿಂದ ಒರಗಿದರೂ ಮುದುಕರು ಬೀಳುತ್ತಾರೆ. ಅವನು ಪಾಪ ಏನೂ ಮಾಡಲ್ಲ ಅನ್ನುವ ಮಾತನ್ನು ನಾನು ಹೇಳುವುದು ಬಿಟ್ಟಿದ್ದೇನೆ. ಎದುರಿಂದ ಯಾರಾದರೂ ಬಂದರೆ ಬೆಲ್ಟ್ ಗಿಡ್ಡ ಹಿಡಿದು ರಸ್ತೆಯ ಆ ಕಡೆಗೆ ಹೋಗುತ್ತೇನೆ. ರೇಬಿಸ್ ಲಸಿಕೆ ಪ್ರತಿ ವರ್ಷ, ಕಾರ್ಡು ಫೋನಿನಲ್ಲೇ ಇದೆ. ಹೇಲು ಎತ್ತಲು ಚೀಲ, ಅದೂ ದಿನಸಿ ಅಂಗಡಿಯ ದೊಡ್ಡ ಚೀಲ.

ಮಂಚದ ಉಳಿದ ದೂರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನವಾರ ಜಗ್ಗುತ್ತೆ, ಬಿಗಿಯಬೇಕು. ಮೂರೂವರೆ ಅಡಿ ಅಗಲ ಇರುವುದರಿಂದ ಬಾಗಿಲಲ್ಲಿ ಹೋಗುವುದಿಲ್ಲ, ಓರೆ ಮಾಡಬೇಕು. ಮಡಚಲು ಬರುವುದಿಲ್ಲ. ಚಳಿಗಾಲದಲ್ಲಿ ಕೆಳಗಿಂದ ಗಾಳಿ ಹೊಡೆಯುತ್ತೆ, ಇವನ ಕೂದಲು ತೆಳು, ಎರಡು ಕಂಬಳಿ ಬೇಕು. ಎರಡು ಕಡೆ ಪೇಂಟ್ ಎದ್ದು ತುಕ್ಕು ಹಿಡಿದಿದೆ. ಮರಿ ಇರುವ ಮನೆಯವರು ಮಾಡಿಸಬೇಡಿ, ನವಾರದ ತುದಿ ಸಿಕ್ಕಿದರೆ ಒಂದೇ ದಿನದಲ್ಲಿ ಬಿಚ್ಚಿ ತಿನ್ನುತ್ತೆ. ಇಂಥ ತಳಿಗಳು ಒಂದೂವರೆ ಎರಡು ವರ್ಷದವರೆಗೂ ಬೆಳೆಯುತ್ತಲೇ ಇರುತ್ತವೆ, ಅಲ್ಲಿಯವರೆಗೆ ದಪ್ಪ ಕೌದಿ ಸಾಕು. ಬೇಗ ಬೆಳೆಯಲಿ ಅಂತ ಕ್ಯಾಲ್ಸಿಯಂ ಸಿರಪ್ ಹಾಕುವವರಿದ್ದಾರೆ. ಹಾಕಬೇಡಿ, ಅದು ಮೂಳೆಗೇ ಕೆಡುಕು.

ಮಧ್ಯಾಹ್ನ ಮೂರಕ್ಕೆ ನಮ್ಮನೆಗೆ ಬಂದರೆ ಮಂಚದ ಮೇಲೆ ಇಬ್ಬರಿರುತ್ತಾರೆ. ಅಪ್ಪ ಕಾಲಿನ ಕಡೆ ಕೂತು ಪೇಪರ್ ಓದುತ್ತಾರೆ, ಸಣ್ಣಪ್ಪ ತಲೆಯನ್ನು ಅವರ ತೊಡೆಯ ಮೇಲೆ ಇಟ್ಟಿರುತ್ತಾನೆ, ಆ ತಲೆಯೇ ಒಂದು ಮಗುವಿನಷ್ಟು ಭಾರ. ಪೇಪರ್ ಎರಡನೇ ಪುಟಕ್ಕೆ ಹೋಗುವುದಿಲ್ಲ, ಇಬ್ಬರಿಗೂ ನಿದ್ದೆ. ಎದ್ದಾಗ ಅಪ್ಪನ ಪಂಚೆಯ ಮೇಲೆ ಜೊಲ್ಲಿನ ಕಲೆ, ಅದಕ್ಕೆ ಅಮ್ಮನ ಬೈಗುಳ, ಅಪ್ಪ "ಅದು ನೀರು" ಅನ್ನುತ್ತಾರೆ. 8 ಇಂಚಿನ ಮಂಚದಿಂದ ಏಳುವುದು ಅವರ ಮಂಡಿಗೆ ಕಷ್ಟ. ಒಂದು ದಿನ ಸಣ್ಣಪ್ಪನ ಬೆನ್ನು ಹಿಡಿದು ಏಳುವುದನ್ನು ನೋಡಿ ಇಬ್ಬರಿಗೂ ಬೈದೆ, ಅಷ್ಟು ಭಾರ ಹಾಕಿದರೆ ಅವನ ಬೆನ್ನು ಹಾಳಾಗುತ್ತೆ. ಈಗ ಪಕ್ಕದಲ್ಲಿ ಒಂದು ಸ್ಟೂಲ್ ಇಟ್ಟಿದ್ದೇನೆ.

ಹೋದ ವಾರ ತುಕ್ಕಿನ ಜಾಗ ಉಜ್ಜಿಸಲು ವೆಲ್ಡಿಂಗ್ ಅಂಗಡಿಗೆ ಮಂಚ ಒಯ್ದಿದ್ದೆವು. ಅಣ್ಣ ಪೈಪ್ ತಟ್ಟಿ ನೋಡಿ "ಇನ್ನೂ 20 ವರ್ಷ ಏನೂ ಆಗಲ್ಲ ಅಕ್ಕಾ" ಅಂದರು. ಗ್ರೇಟ್ ಡೇನ್‌ಗಳ ಆಯಸ್ಸು ಸಾಮಾನ್ಯವಾಗಿ 7ರಿಂದ 10 ವರ್ಷ. ನಾನು ಏನೂ ಹೇಳಲಿಲ್ಲ. ಈಚೆಗೆ ಬೆಳಗ್ಗೆ ಹತ್ತುವಾಗ ಅವನು ಒಂದು ಕ್ಷಣ ನಿಂತು ಯೋಚಿಸುತ್ತಾನೆ, ಹಿಂಗಾಲು ಸ್ವಲ್ಪ ಬಿಗಿ. ಹೇಗೂ ಬಂದಿದ್ದೇವೆ, ಕಾಲು 2 ಇಂಚು ಕತ್ತರಿಸಿಕೊಡಿ ಅಂದೆ. ಅಪ್ಪ ಪಕ್ಕದಲ್ಲೇ ಇದ್ದರು. "ಅವನದು ಕತ್ತರಿಸು, ನನಗೆ ಬೇರೆ ಮಾಡಿಸು, 18 ಇಂಚಿಂದು, ಇದರ ಪಕ್ಕ ಹಾಕುವ ಹಾಗೆ" ಅಂದರು. ಕಬ್ಬಿಣದ ರೇಟು ಏರಿದೆಯಂತೆ, ಈ ಸಲ ಪೈಪಿಗೇ 2,900 ಆಗುತ್ತೆ ಅಂದಿದ್ದಾರೆ. ನವಾರ ಬೇರೆ.